ಜಿರೇನಿಯಂ ಗೆದ್ದ ವಾದ

ಸುಡುವ ಮರಳುಗಾಡಿನಲ್ಲಿ ಒಂದು ಕೈತೋಟವಿತ್ತು. ಅಲ್ಲಿ ಮಧ್ಯಾಹ್ನದ ಬಿಸಿಲು ತಾಗದಂತೆ ಗೋಡೆಯ ಮರೆಯಲ್ಲಿಟ್ಟ ಮಣ್ಣಿನ ಕುಂಡದಲ್ಲಿ ಒಂದು ಜಿರೇನಿಯಂ ಗಿಡ ಬೆಳೆದಿತ್ತು. ಅದರ ಎಲೆ ಮುಟ್ಟಿದರೆ ಸಾಕು, ಗುಲಾಬಿಯ ಪರಿಮಳ ಬರುತ್ತಿತ್ತು. ಬಂದವರೆಲ್ಲ ಎಲೆ ಸವರಿ, ಬೆರಳು ಮೂಸಿ ಹೊಗಳುತ್ತಿದ್ದರು. ಹೊಗಳಿಕೆ ಗಿಡಕ್ಕೆ ರೂಢಿಯಾಗಿಬಿಟ್ಟಿತ್ತು.

ಒಂದು ದಿನ ಮೇಕೆಯೊಂದು ಬೇಲಿ ಹಾರಿ ಬಂತು. ಪುದೀನ ತಿಂದಿತು, ಸೇವಂತಿಗೆ ತಿಂದಿತು, ಜಿರೇನಿಯಂ ಮೂಸಿ ಮುಖ ತಿರುಗಿಸಿತು.

"ಥೂ, ಏನು ನಾತ!"

"ನಾತವೇ?" ಎಂದಿತು ಗಿಡ. "ನಿಲ್ಲಿ ಮೇಕೆಯಕ್ಕ. ಇದು ಗುಲಾಬಿಯ ಪರಿಮಳ."

"ಇರಬಹುದು ತಂಗಿ. ನನಗೆ ಸೇರುವುದಿಲ್ಲ. ಬರುತ್ತೇನೆ."

ಕುಂಡ ಮೆಲ್ಲಗೆ ಹೇಳಿತು: "ಹೋಗಲಿ ಬಿಡು. ತೋಟದಲ್ಲಿ ಉಳಿದಿರುವ ಹಸಿರು ನೀನೊಬ್ಬಳೇ."

ಗಿಡಕ್ಕೆ ಅವಮಾನ ತಡೆಯಲಾಗಲಿಲ್ಲ. "ಬರೀ ಮೂಸಿ ತೀರ್ಪು ಕೊಡುವುದು ನ್ಯಾಯವಲ್ಲ ಅಕ್ಕ. ಒಂದೆಲೆ ಅಗಿದು ನೋಡಿ, ಆಮೇಲೆ ಹೇಳಿ."

ಮೇಕೆ ಮರ್ಯಾದೆಗೆಂದು ಒಂದೆಲೆ ಅಗಿಯಿತು. "ಪರವಾಗಿಲ್ಲ."

"ಪರವಾಗಿಲ್ಲ ಅಷ್ಟೇನಾ? ಚಿಗುರು ತಿಂದು ನೋಡಿ. ಘಮವೆಲ್ಲ ಇರುವುದು ಅಲ್ಲೇ."

ಮೇಕೆ ಚಿಗುರು ತಿಂದಿತು. ಆಮೇಲೆ ಅದಕ್ಕೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಬುಡದವರೆಗೂ ಮೇಯ್ದು, ತುಟಿ ನೆಕ್ಕಿಕೊಂಡು, "ನೀನು ಹೇಳಿದ್ದೇ ಸರಿ ತಂಗಿ, ತಪ್ಪು ನನ್ನದು" ಎಂದು ಬೇಲಿ ಹಾರಿ ಹೋಯಿತು.

ಕುಂಡದಲ್ಲಿ ಬೆರಳುದ್ದದ ಮೋಟು ಉಳಿದಿತ್ತು. ಅದು ಕುಂಡವನ್ನು ಕೇಳಿತು: "ಕೇಳಿಸಿತೇ? ಕೊನೆಗೂ ಒಪ್ಪಿಕೊಂಡಳು!"