ಹರಿಗೋಲು ಹತ್ತುವ ಮುನ್ನ

"ಗುರುಗಳೇ, ಬಸುರಿಯ ಕಿವಿಗೆ ಕೆಟ್ಟ ಮಾತು ಬೀಳಬಾರದು ಎನ್ನುತ್ತಾರೆ. ಹೆರಿಗೆಯಲ್ಲಿ ಅಪಾಯವಿದೆ ಎಂದು ಗೊತ್ತಿದ್ದರೂ ಆಕೆಗೆ ಹೇಳದೆ ಮುಚ್ಚಿಡುವುದು ಕರುಣೆಯಲ್ಲವೇ?" ಎಂದು ಗೃಹಸ್ಥನಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು. "ಕರುಣೆ ಎಂಬ ಮಾತನ್ನು ಅಷ್ಟು ಬೇಗ ಆಡಬೇಡಪ್ಪ. ಮೊದಲು ಇದನ್ನು ಕೇಳು" ಎಂದರು.

ಒಬ್ಬ ಅಂಬಿಗನಿದ್ದ. ಅವನು ದಾಟಿಸುವ ಹೊಳೆಯ ನಡುವೆ ಒಂದು ಸುಳಿ ಇತ್ತು. ಆ ಕಡೆಯ ಅಂಬಿಗರು ಹರಿಗೋಲಿನಲ್ಲಿ ಸುಳಿಯ ಹೆಸರೆತ್ತುತ್ತಿರಲಿಲ್ಲ. ಅದರ ಹತ್ತಿರ ಬಂದಾಗ "ಅಜ್ಜಿ ಮಲಗಿದ್ದಾಳೆ, ಗಲಾಟೆ ಮಾಡಬೇಡಿ" ಎನ್ನುತ್ತಿದ್ದರು. ಜನ ನಕ್ಕು ಸುಮ್ಮನೆ ಕೂರುತ್ತಿದ್ದರು. ನಿಜ ಹೇಳಿದರೆ ಯಾರಾದರೂ ಗಾಬರಿಬಿದ್ದು ಎದ್ದಾರು, ಎದ್ದರೆ ಹರಿಗೋಲು ಮಗುಚೀತು. ಪದ್ಧತಿಯೇನೂ ತಪ್ಪಲ್ಲ. ಅದರಿಂದ ಎಷ್ಟೋ ಜೀವ ಉಳಿದಿದ್ದವು.

ಅಂಬಿಗನ ಹೆಂಡತಿ ಚೊಚ್ಚಲ ಬಸುರಿ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಅಂಗಳಕ್ಕೆ ಬಂದು ಅಂಬಿಗನಿಗೆ ಹೇಳಿದಳು: "ಮಗು ಅಡ್ಡ ಮಲಗಿದೆ. ತಿರುಗಿದರೂ ತಿರುಗೀತು. ತಿರುಗದಿದ್ದರೆ ನನ್ನ ಕೈಲಾಗದು. ಹೊಳೆ ಏರುವ ಮುಂಚೆ ಆಚೆ ದಡದ ಆಸ್ಪತ್ರೆಯ ಹತ್ತಿರ ಹೋಗಿ ಇರಬಹುದು. ಮನೆ ಬಿಟ್ಟಿರುವುದೂ ಕಷ್ಟವೇ. ಇಬ್ಬರೂ ಕೂತು ಯೋಚಿಸಿ. ಅವಳಿಗೆ ನಾನು ಹೇಳಲೋ, ನೀನು ಹೇಳುತ್ತೀಯೋ?"

"ನಾನೇ ಹೇಳುತ್ತೇನೆ" ಎಂದ ಅಂಬಿಗ.

ಒಳಗೆ ಹೆಂಡತಿ ಕೌದಿ ಹೊಲಿಯುತ್ತಿದ್ದಳು. "ಏನಂದಳು?" ಎಂದು ಕೇಳಿದಳು. ಅಂಬಿಗ ಅವಳ ಕೈಯಲ್ಲಿದ್ದ ಕೌದಿ ನೋಡಿದ. "ಎಲ್ಲ ಚೆನ್ನಾಗಿದೆಯಂತೆ" ಎಂದುಬಿಟ್ಟ. ಅವಳು ನಕ್ಕು ಮತ್ತೆ ಸೂಜಿ ಹಿಡಿದಳು. ಸದ್ಯ, ಹೆದರಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವಾಯಿತು. ಬೇಕಾದರೆ ದಾಟಿಸುವುದೇನು ಮಹಾ, ಅಂಬಿಗ ನಾನೇ ಇದ್ದೇನಲ್ಲ ಎಂದುಕೊಂಡ.

ಅವಳಿಗೆ ನೋವು ಕಾಣಿಸಿಕೊಂಡ ದಿನ ಹೊಳೆ ದಡ ಮೀರಿತ್ತು. ಮಗು ತಿರುಗಿರಲಿಲ್ಲ. "ಅಯ್ಯೋ, ಅಂದೇ ಆಚೆ ಹೋಗಿ ಇರಬಾರದಿತ್ತೇನವ್ವಾ?" ಎಂದು ಸೂಲಗಿತ್ತಿ ಹಣೆ ಚಚ್ಚಿಕೊಂಡಳು. ಹೆಂಡತಿ ಗಂಡನ ಕಡೆ ನೋಡಿದಳು.

"ನೀನು ಹೆದರೀಯ ಅಂತ ಹೇಳಲಿಲ್ಲ. ಹರಿಗೋಲಿನಲ್ಲಿ ಸುಳಿಯ ಮಾತು ಆಡುವುದಿಲ್ಲವಲ್ಲ, ಹಾಗೇ..." ಎಂದು ಅವನು ತೊದಲಿದ.

"ನೀರಿನ ಮೇಲಿದ್ದವರಿಗೆ ಹೇಳಬಾರದು, ಸರಿ. ನಾನಿನ್ನೂ ದಡದಲ್ಲೇ ಇದ್ದೆನಲ್ಲಾ!" ಎಂದಳು ಅವಳು.

ಅಂಬಿಗ ದಿಗ್ಗನೆ ಎದ್ದ. ಹರಿಗೋಲು ಹೊತ್ತು ಹೊಳೆಗೆ ಓಡಿದ. ನೀರು ಇಳಿಯಗೊಡಲಿಲ್ಲ. ಮತ್ತೆ ಮತ್ತೆ ನುಗ್ಗಿ, ಸೋತು ಹಿಂದಿರುಗಿದ. ಹೊತ್ತು ಮುಳುಗುವ ಮೊದಲೇ ತಾಯಿಯೂ ಹೋದಳು, ಮಗುವೂ ಹೋಯಿತು. ಅರ್ಧ ಹೊಲಿದ ಕೌದಿ ಹಾಗೇ ಬಿದ್ದಿತ್ತು.

ಅಂಬಿಗ ಆಮೇಲೂ ಹರಿಗೋಲು ಹಾಕಿದ. ಆದರೆ ಜನ ಹತ್ತುವ ಮುನ್ನ ದಡದಲ್ಲೇ ನಿಂತು, ಸುಳಿ ಅಲ್ಲಿದೆ ನೋಡಿ ಎಂದು ಕೈಯೆತ್ತಿ ತೋರಿಸುತ್ತಿದ್ದ. ಕೆಲವರು ಹಿಂದಿರುಗುತ್ತಿದ್ದರು, ಕೆಲವರು ಹತ್ತುತ್ತಿದ್ದರು. ಅವನು ಯಾರನ್ನೂ ಒತ್ತಾಯಿಸುತ್ತಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರುಬಿಟ್ಟು, "ಎಂಥ ತಿಳಿಗೇಡಿ ಗಂಡ!" ಎಂದ.

"ಅವನ ಮಾತಿರಲಿ, ನಿನ್ನ ಹೆಂಡತಿಗೆ ಈಗ ಎಷ್ಟು ತಿಂಗಳು?" ಎಂದರು ಗುರುಗಳು.