ಶನಿಯ ಉಂಗುರ ಕಂಡವರು

ರುದ್ರಮುನಿಗಳು ಖಗೋಳ ವಿಜ್ಞಾನಿ. ನಕ್ಷತ್ರಗಳನ್ನು ಪ್ರಯೋಗಾಲಯದಲ್ಲಿ ಕೂಡಿಹಾಕಿದರೆ ಯಾರಿಗೆ ಲಾಭ ಎಂದು ದೂರದರ್ಶಕ ಹೊತ್ತು ನದಿ ದಡಕ್ಕೆ ಬಂದು ಕೂತವರು.

ಶಿಷ್ಯ ಇಂದುಧರನಿಗೆ ಒಂದೇ ಆಸೆ. ಆ ದೂರದರ್ಶಕವನ್ನು ತಾನೊಬ್ಬನೇ ಊರೂರಿಗೆ ಒಯ್ಯಬೇಕು.

"ಇವತ್ತು ಸಂಜೆ ನೀನೇ ತೋರಿಸು. ಆಮೇಲೆ ಹೇಳ್ತೀನಿ" ಎಂದರು ಗುರುಗಳು.

ಮಬ್ಬುಗತ್ತಲಾಗುವಷ್ಟರಲ್ಲಿ ಜನ ಸಾಲುಗಟ್ಟಿದರು. ಇಂದುಧರ ಶನಿಗ್ರಹಕ್ಕೆ ಗುರಿಯಿಟ್ಟು ಗಂಟಲು ಸರಿಮಾಡಿಕೊಂಡ.

"ಬನ್ನಿ ಬನ್ನಿ! ಶನಿಯ ಸುತ್ತ ಹೊನ್ನಿನ ಉಂಗುರ ಕಾಣುತ್ತೆ, ನೋಡಿ!"

"ನನಗೆ ಮೊದಲೇ ಸಾಡೇಸಾತಿ ಸಾರ್. ನಾನಾಗೇ ಹೋಗಿ ಮುಖ ತೋರಿಸ್ಲಾ?" ಎಂದ ಸಾಲಿನ ನಡುವಿದ್ದ ಒಬ್ಬ. ಎಲ್ಲರೂ ನಕ್ಕರು. ಸರದಿ ಬಂದಾಗ ಅವನೂ ಬಗ್ಗಿದ.

"ಕಂಡಿತಾ ಉಂಗುರ?"

"ಕಂಡಿತು ಸಾರ್!"

ಬಂದವರೆಲ್ಲ ಕಂಡಿತು ಎಂದರು. ಇಂದುಧರ ಉಬ್ಬಿಹೋದ. ಗುರುಗಳು ನದಿ ದಡದ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಆ ಮಂಡಕ್ಕಿ ಮಾರುವ ಹಾಲಮ್ಮ ಕೊನೆಗೆ ಬಂದಳು.

"ಬರೀ ಕತ್ತಲೈತಲ್ಲ ತಮ್ಮಾ."

"ಸರಿಯಾಗಿ ನೋಡಮ್ಮ. ಉಂಗುರ ಇದೆ."

"ಎಲ್ರಿಗೂ ಕಂಡಿದ್ದು ನಿಂಗೊಬ್ಳಿಗೇ ಕಾಣಲ್ವಾ? ಕಣ್ಣು ತೋರಿಸ್ಕೋ ಹೋಗವ್ವ!" ಯಾರೋ ರೇಗಿಸಿದರು.

ಹಾಲಮ್ಮ ಮತ್ತೆ ಬಗ್ಗಿದಳು. "ಹ್ಞೂಂ, ಕಂಡಿತು ಬಿಡು."

ಗುರುಗಳು ಎದ್ದು ಬಂದರು. "ನೀನೂ ಒಂದ್ಸಲ ನೋಡು."

ಇಂದುಧರ ಬಗ್ಗಿದ. ಶನಿ ಇರಲಿಲ್ಲ. ಭೂಮಿ ತಿರುಗುತ್ತಲೇ ಇತ್ತು. ಆಗಾಗ ದೂರದರ್ಶಕವನ್ನು ಸರಿಸಿ ಮತ್ತೆ ಗುರಿ ಹಿಡಿಯಬೇಕಿತ್ತು. ಮಾತಿನ ಭರದಲ್ಲಿ ಅವನು ಅದನ್ನು ಮುಟ್ಟಿಯೇ ಇರಲಿಲ್ಲ.

"ಮತ್ತೆ ಇವರೆಲ್ಲ ಯಾಕೆ ಸುಳ್ಳು ಹೇಳಿದರು?"

"ಸುಳ್ಳೆಲ್ಲಿ ಬಂತು? ನೀನು ಬಾಯಲ್ಲಿ ತೋರಿಸಿದೆ, ಅವರು ಕಿವಿಯಲ್ಲಿ ನೋಡಿದರು."

ಇಂದುಧರ ದನಿ ತಗ್ಗಿಸಿದ. "ಖುಷಿಯಾಗೇ ಹೊರಟಿದ್ದಾರೆ ಗುರುಗಳೇ. ಬಿಟ್ಟುಬಿಡೋಣವಾ?"

"ಗಿರಾಕಿ ನಗ್ತಾ ಹೋದ ಅಂತ ಖಾಲಿ ಪೊಟ್ಟಣದೊಳಗೆ ಸರಕು ಬರುತ್ತಾ?"

ಇಂದುಧರ ಮೆಟ್ಟಿಲೇರಿ ಕೂಗಿದ.

"ನಿಲ್ಲಿ! ತಪ್ಪು ನನ್ನದು. ಮೊದಲ ಒಂದಿಬ್ಬರನ್ನು ಬಿಟ್ಟರೆ ನೀವೆಲ್ಲ ನೋಡಿದ್ದು ಬರೀ ಕತ್ತಲು. ಹಾಲಮ್ಮ ಹೇಳಿದ್ದೇ ನಿಜ."

ಕೆಲವರು ಮುಖ ಗಂಟಿಕ್ಕಿಕೊಂಡು ಹೊರಟೇಹೋದರು. ಸಾಡೇಸಾತಿಯವನು ಮಾತ್ರ, "ನೋಡಿದ್ರಾ, ಕಾಣಿಸ್ಕೊಳ್ದೇನೇ ಕಾಡ್ತಾನೆ!" ಎನ್ನುತ್ತ ವಾಪಸು ಬಂದ. ಅವನ ಹಿಂದೆ ಉಳಿದವರೂ ಬಂದರು.

ಇಂದುಧರ ಮತ್ತೆ ಗುರಿ ಹಿಡಿದ. ಈ ಸಲ ಏನೂ ಹೇಳಲಿಲ್ಲ. ಹಾಲಮ್ಮನನ್ನೇ ಮೊದಲು ನಿಲ್ಲಿಸಿದ.

ಹಾಲಮ್ಮ ಬಗ್ಗಿ ಕಣ್ಣಿಟ್ಟಳು.

"ಅಯ್ಯೋ ಶಿವನೇ! ಕಿವಿ ಇರೋ ಪುಟ್ಟ ಗಡಿಗೆ ಹಂಗೈತಲ್ಲ!"

"ಕಿವಿ ಅಲ್ಲಮ್ಮ, ಅದು..." ಎಂದು ಬಾಯಿ ತೆರೆದ ಶಿಷ್ಯನ ಅಂಗೈಗೆ ಗುರುಗಳು ಒಂದು ಹಿಡಿ ಮಂಡಕ್ಕಿ ಸುರಿದರು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದ.

"ಹಾಲಮ್ಮಾ, ಸಾಕು ಬಾರವ್ವ!" ಹಿಂದಿನವರು ಕೂಗಿದರು. ಅವಳು ಕದಲಲಿಲ್ಲ.

ಇಂದುಧರ ಅಗಿದು ನುಂಗಿ, ಮೆಲ್ಲಗೆ ಕೇಳಿದ. "ಗುರುಗಳೇ, ದೂರದರ್ಶಕ ನನಗೆ ಕೊಡ್ತೀರಾ?"

"ಈಗದು ಹಾಲಮ್ಮಂದು. ಅವಳು ಬಿಟ್ಟಮೇಲೆ ತಗೋ."