ಕೊಕ್ಕಿಲ್ಲದ ಗಿಳಿ

“ತಾಯೀ, ಮನಸ್ಸನ್ನು ಪಕ್ಕಕ್ಕಿಟ್ಟು ಬರಿಯ ಕಣ್ಣಿನಿಂದ ನೋಡುವುದು ಹೇಗೆ?” ಎಂದು ಮುರಿಗೆಪ್ಪ ಕೇಳಿದ.

ಅವನು ಆಗಷ್ಟೇ ಕಾಡಿನಿಂದ ಬಂದಿದ್ದ. ಸೌದೆಯ ಹೊರೆಯನ್ನು ಹೊಸ್ತಿಲ ಮುಂದೆ ಇಳಿಸಿ ಗುರುತಾಯಿಯ ಎದುರು ಕುಳಿತಿದ್ದ. ಅವರು ಬಲಗೈ ಚಾಚಿ, ಎಂದಿನ ಜಾಗದಲ್ಲಿದ್ದ ತಂಬಿಗೆಯನ್ನು ಎತ್ತಿ ಅವನ ಮುಂದಿಟ್ಟರು. ನೀರು ಕುಡಿದು ಮುರಿಗೆಪ್ಪ ತನ್ನ ಮಾತನ್ನು ಬಿಡಿಸಿ ಹೇಳಿದ. ಮನಸ್ಸು ಮೊದಲೇ ಒಂದು ಚಿತ್ರ ಬರೆದಿಟ್ಟುಕೊಂಡಿರುತ್ತದೆ, ಕಣ್ಣು ಹೋಗಿ ಅದನ್ನೇ ನೋಡಿ ಬರುತ್ತದೆ. ಆ ಚಿತ್ರವನ್ನು ಒರೆಸಿಹಾಕಿದರೆ ಇರುವುದು ಇದ್ದಂತೆಯೇ ಕಾಣಬೇಕಲ್ಲವೇ ಎಂಬುದು ಅವನ ಅನುಮಾನ.

ಗುರುತಾಯಿ ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಸೀರೆಯ ಸೆರಗಿನಲ್ಲಿ ಗಿಳಿಗಳ ಸಾಲು ನೇಯುವುದರಲ್ಲಿ ಅವನ ಕೈ ಪಳಗಿತ್ತು. ಆ ಊರಿನ ನೇಕಾರರಲ್ಲಿ ಒಂದು ಪದ್ಧತಿ ಇತ್ತು. ನೇಯ್ದವನು ತನ್ನ ಸೀರೆಯನ್ನು ತಾನೇ ಪರೀಕ್ಷಿಸಬಾರದು. ಗಿಳಿ ಹೇಗಿರಬೇಕೆಂದು ಅವನಿಗೆ ಗೊತ್ತು. ಎಲ್ಲಾದರೂ ಎಳೆ ತಪ್ಪಿದ್ದರೆ ಅವನ ಕಣ್ಣೇ ಅದನ್ನು ತುಂಬಿಕೊಂಡುಬಿಡುತ್ತದೆ. ಆದ್ದರಿಂದ ಮಗ್ಗದಿಂದ ಇಳಿದ ಸೀರೆಯನ್ನು ಹೆಂಡತಿಯೇ ಮಗುಚಿ, ತಲೆಕೆಳಗಾಗಿ ಹಾಸಿ, ಒಳಮೈಯ ಮೇಲೆ ಕಣ್ಣಾಡಿಸಬೇಕು. ಗಿಳಿ ಗಿಳಿಯಂತೆ ಕಾಣದ ಕಡೆಯಿಂದ ನೋಡಿದರೆ ತಪ್ಪು ಎದ್ದು ಕಾಣುತ್ತದೆ.

ಈ ನೇಕಾರನ ಹೆಂಡತಿ ಆ ಕೆಲಸದಲ್ಲಿ ಹೆಸರಾದವಳು. ಅವಳು “ಸರಿ ಇದೆ” ಎಂದರೆ ಅವನು ಸೀರೆ ಮಡಚುತ್ತಿದ್ದ. ಹೀಗೆಯೇ ಇಬ್ಬರೂ ನಡುವಯಸ್ಸು ದಾಟಿದರು.

ಒಂದು ದಿನ ಮದುಮಗಳ ತಾಯಿಯೊಬ್ಬಳು ಸೀರೆ ಹಿಂದಕ್ಕೆ ತಂದಳು. ಸಾಲಿನಲ್ಲಿ ಒಂದು ಗಿಳಿಗೆ ಕೊಕ್ಕೇ ಇರಲಿಲ್ಲ.

“ಅಣ್ಣಾ, ಈ ಗಿಳಿ ಪೇರಲಹಣ್ಣು ತಿನ್ನೋದು ಹೇಗೆ?” ಎಂದು ಕೇಳಿ ಸೀರೆಯನ್ನು ಅವನ ಮಡಿಲಿಗೆ ಹಾಕಿದಳು.

ನೇಕಾರನಿಗೆ ಮುಖವೆತ್ತಲಾಗಲಿಲ್ಲ. ಅವಳು ಹೋದ ಮೇಲೆ ಹೆಂಡತಿಯನ್ನು ಕರೆದು ಆ ಗಿಳಿಯನ್ನು ತೋರಿಸಿದ. ಅವಳು ಸೀರೆಯನ್ನು ಮಗುಚಿ ನೋಡಿದಳು, ತಿರುಗಿಸಿ ನೋಡಿದಳು. ಕೊಕ್ಕು ಇದೆಯಲ್ಲ, ಕೆಂಪಗೆ ಕಾಣುತ್ತಿದೆಯಲ್ಲ ಎಂದಳು. ತಪ್ಪು ಒಪ್ಪಿಕೊಳ್ಳಲಾರದ ಹಟ ಇದು ಎಂದುಕೊಂಡು ಅವನು ಅವಳೊಂದಿಗೆ ಮಾತು ಬಿಟ್ಟ. ಇನ್ನು ಮೇಲೆ ತನ್ನ ಸೀರೆಯನ್ನು ತಾನೇ ನೋಡಿಕೊಳ್ಳುವುದೆಂದು ತೀರ್ಮಾನಿಸಿದ.

ಸೀರೆ ಹಾಸಲು ಕಿಟಕಿಯ ಬೆಳಕು ಬೇಕಾಗಿತ್ತು. ಅಲ್ಲಿದ್ದ ನೂಲಿನ ರಾಟೆಯನ್ನು ಎಳೆದು ನಡುಮನೆಯಲ್ಲಿ ಬಿಟ್ಟ. ಹೆಂಡತಿ ನೂಲಿಗೆ ಹಾಕುವ ಗಂಜಿಯ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದಳು. ಎಂದಿನಂತೆ ನೇರವಾಗಿ, ಚುರುಕಾಗಿ ನಡೆದು ಬಂದಳು. ನೇರವಾಗಿಯೇ ಬಂದು ರಾಟೆಗೆ ಬಡಿದು ಬಿದ್ದಳು.

ಬಿಸಿಲು ನಡುಮನೆಯವರೆಗೂ ಬಂದಿತ್ತು. ರಾಟೆ ಒಂದು ಕರುವಿನಷ್ಟು ದೊಡ್ಡದಿತ್ತು.

ನೇಕಾರ ಬೈಯುವುದಕ್ಕೆಂದೇ ಎದ್ದ. ಅವಳ ಹಣೆಯಲ್ಲಿ ರಕ್ತ ನೋಡಿ, ಒಂದು ಬಟ್ಟೆ ಒದ್ದೆ ಮಾಡಿ ಅವಳ ಮುಂದೆ ಹಿಡಿದ. ಅವಳು ಕೈ ನೀಡಲಿಲ್ಲ. ಇನ್ನಷ್ಟು ಹತ್ತಿರ ಹಿಡಿದ. ಆಗಲೂ ನೀಡಲಿಲ್ಲ. ಬಟ್ಟೆಯನ್ನು ಅವಳ ಕಣ್ಣೆದುರೇ ಆಡಿಸಿದ, ಅವಳ ರೆಪ್ಪೆ ಅಲುಗಲಿಲ್ಲ.

ಆಗ ಅವನಿಗೆ ಒಂದೊಂದೇ ನೆನಪಾಯಿತು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಸುಮ್ಮನೆ ಉಂಡಿದ್ದ. ಬಾಗಿಲಲ್ಲಿ ನಿಂತಿದ್ದ ತನ್ನ ಅಕ್ಕನನ್ನು ಅವಳು ಮಾತಾಡಿಸದೆ ಹೋಗಿದ್ದಳು, ಹೆಂಗಸರ ಮುನಿಸು ಎಂದುಕೊಂಡಿದ್ದ. ಅವಳಿಗಾದರೂ ಎಲ್ಲಿ ಗೊತ್ತಿತ್ತು? ಕಣ್ಣಿಗೆ ಮಂಜು ಅಷ್ಟು ಮೆಲ್ಲಗೆ ಕವಿದಿತ್ತು. ಕಣ್ಣು ತರಲಾರದ್ದನ್ನೆಲ್ಲ ನೆನಪು ತಂದುಕೊಡುತ್ತಿತ್ತು. ಮಗುಚಿದ ಸೀರೆಯೂ ಅವಳಿಗೆ ಎಂದೋ ಬಾಯಿಪಾಠವಾಗಿತ್ತು.

“ನಾನು ಸುಳ್ಳು ಹೇಳಲಿಲ್ಲ. ಕೊಕ್ಕು ನಿಜವಾಗಿ ಕಂಡಿತು,” ಎಂದು ಅವಳು ಅತ್ತಳು.

“ನಿನ್ನ ಕಣ್ಣು ಚೆನ್ನಾಗಿದೆ ಅಂತ ನನಗೂ ನಿಜವಾಗಿ ಕಂಡಿತ್ತು,” ಎಂದು ನೇಕಾರ ಅವಳ ಹಣೆ ಒರೆಸಿದ.

ಮಗ್ಗದಲ್ಲಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು, ಕಣ್ಣಿನ ಪೊರೆ ತೆಗೆಯುವ ವೈದ್ಯನಿದ್ದ ಊರಿಗೆ ಅವಳನ್ನು ಕರೆದುಕೊಂಡು ಹೋದ. ಇನ್ನೂ ತಡಮಾಡಿದ್ದರೆ ತನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ ಎಂದು ವೈದ್ಯ ಹೇಳಿದ. ಈಗಲೂ ಅವನು ಭರವಸೆ ಕೊಡಲಿಲ್ಲ, ಪ್ರಯತ್ನ ಮಾತ್ರ ಮಾಡಿದ.

ಕಟ್ಟು ಬಿಚ್ಚಿದ ಹೊತ್ತು ಅವಳು ಹೆದರಿದಳು. ಬೆಳಕು ಬಂತು, ಕಪ್ಪು ಬಂತು, ಕಂದು ಬಂತು. ಯಾವುದೂ ಯಾವುದಕ್ಕೂ ಸೇರಲಿಲ್ಲ. ತೇಪೆ ಹಚ್ಚಿದ ಬಟ್ಟೆಯೊಂದನ್ನು ಯಾರೋ ಮುಖದ ಮುಂದೆ ಅಲ್ಲಾಡಿಸಿದಂತಿತ್ತು. ಪೊರೆ ಹೋಯಿತು, ಆದರೂ ಏನೂ ಕಾಣುತ್ತಿಲ್ಲ ಎಂದು ಅವಳು ಗಾಳಿಯಲ್ಲಿ ಕೈಯಾಡಿಸಿದಳು.

“ನಾನು ಕಣೇ. ಇಲ್ಲೇ ಇದೀನಿ,” ಎಂದು ನೇಕಾರ ಹೇಳಿದ.

ಆ ದನಿ ಕೇಳಿದ್ದೇ ತೇಪೆಗಳು ಒಂದುಗೂಡಿದವು. ಹಣೆ ಬಂತು, ಮೂಗು ಬಂತು, ಮೀಸೆ ಬಂತು. ಮೊದಲು ಕಂಡವನು ಅವಳು ಬಲ್ಲ ಕರಿಮೀಸೆಯ ಗಂಡ. ಅವಳು ಕಣ್ಣು ಕೀಳದೆ ನೋಡಿದಳು. ನೋಡುತ್ತ ನೋಡುತ್ತ ಆ ಮೀಸೆ ಅವಳ ಕಣ್ಣೆದುರೇ ಬೆಳ್ಳಗಾಯಿತು. ಅವಳು ಅದನ್ನು ಬೆರಳಿನಿಂದ ಮುಟ್ಟಿದಳು.

“ಇದು ಯಾವಾಗ ನರೆಯಿತು?”

“ನೀನು ನೋಡ್ತಾ ಇದ್ದಾಗಲೇ.”

ಗುರುತಾಯಿ ಕತೆ ನಿಲ್ಲಿಸಿದರು.

ಬರಿಯ ಕಣ್ಣಿಗೆ ಕಾಣುವುದು ತೇಪೆ ಮಾತ್ರ, ಬರಿಯ ಮನಸ್ಸಿಗೆ ಇಲ್ಲದ ಕೊಕ್ಕೂ ಕಾಣುತ್ತದೆ, ಎರಡೂ ಒಂದನ್ನೊಂದು ಕೇಳಿಕೊಂಡು ನಡೆಯಬೇಕು ಎಂಬುದು ತನಗೆ ತಿಳಿಯಿತೆಂದು ಮುರಿಗೆಪ್ಪ ಹೇಳಿದ. ಆದರೆ ಆ ನೇಕಾರನ ವಿಷಯದಲ್ಲಿ ಅವನಿಗೆ ಸಮಾಧಾನವಾಗಲಿಲ್ಲ.

“ಎಲ್ಲ ಸರಿ ತಾಯೀ. ಒಂದೇ ಸೂರಿನಡಿ ಇದ್ದು, ದಿನಾ ಎದುರಿಗೆ ಕೂತು ಉಂಡು, ಅವಳಿಗೆ ಕಣ್ಣು ಕಾಣೋದಿಲ್ಲ ಅನ್ನೋದು ತಿಳಿಯಲಿಲ್ಲ ಅಂದರೆ ಎಂಥ ಗಂಡ ಅವನು?” ಎಂದು ನಕ್ಕ.

ಗುರುತಾಯಿಯೂ ನಕ್ಕರು. ಆ ನಗು ಅವನ ಮುಖದ ಕಡೆಗಲ್ಲ, ಅವನ ದನಿ ಬಂದ ಕಡೆಗಿತ್ತು.

“ಮುರಿಗೆಪ್ಪ, ಹೋದ ಮಳೆಗಾಲದಿಂದ ನಿನ್ನ ಮುಖ ನನಗೆ ಕಂಡಿಲ್ಲ.”

ಮುರಿಗೆಪ್ಪ ಎದ್ದು ಹೋಗಿ, ಹೊಸ್ತಿಲಿಗೆ ಅಡ್ಡವಾಗಿ ಬಿದ್ದಿದ್ದ ಸೌದೆಯ ಹೊರೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದ.